ಅಣ್ಣನನ್ನು ಕೊಲ್ಲಿಸಿದ ಕೀವ್‌ನ ವ್ಲಾದಿಮಿರ್‌ಗೆ ನಿಜಕ್ಕೂ ಪಶ್ಚಾತ್ತಾಪ ಆಗಿತ್ತಾ?

ಗುಬ್ಬಿಗೂಡು:

ನಮಸ್ಕಾರ ಎಲ್ಲರಿಗೂ. ಹತ್ತನೇ ಶತಮಾನದ ಕೀವ್ ದೊರೆ ವ್ಲಾದಿಮಿರ್ ಬಗ್ಗೆ ಸುಮ್ನೆ ಒಂದು ವಿಡಿಯೋ ನೋಡಲು ಹೋಗಿ ಈಗ ಅದರಲ್ಲೇ ಮುಳುಗಿದ್ದೇನೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಅಪ್ಪ ಸ್ವ್ಯಾತೊಸ್ಲಾವ್ 972ರಲ್ಲಿ ದ್ನೀಪರ್ ನದಿ ಬಂಡೆಗಳ ನಡುವೆ ರಭಸವಾಗಿ ಹರಿಯುವ ಜಾಗದ ಹತ್ತಿರ ಪೆಚೆನೆಗ್ ಅನ್ನುವ ಅಲೆಮಾರಿಗಳ ಕೈಗೆ ಸಿಕ್ಕಿ ಸತ್ತ. ಅವನ ತಲೆಬುರುಡೆಗೆ ಲೋಹ ಕಟ್ಟಿಸಿ ಕುಡಿಯುವ ಬಟ್ಟಲು ಮಾಡಿಕೊಂಡರಂತೆ. ಮೂವರು ಗಂಡುಮಕ್ಕಳು. ಯಾರೊಪೋಲ್ಕ್‌ಗೆ ಕೀವ್, ಒಲೆಗ್‌ಗೆ ದ್ರೆವ್ಲ್ಯಾನರ ನಾಡು, ವ್ಲಾದಿಮಿರ್‌ಗೆ ದೂರದ ನವ್ಗೊರೊದ್. ವ್ಲಾದಿಮಿರ್ ತಾಯಿ ಮಲೂಷಾ ಅಜ್ಜಿ ಓಲ್ಗಾಳ ಮನೆಯಲ್ಲಿ ಉಗ್ರಾಣದ ಕೀಲಿ ನೋಡಿಕೊಳ್ಳುತ್ತಿದ್ದ ಆಳು, ಹಾಗಾಗಿ ಇವನಿಗೆ ದಾಸಿಮಗ ಅನ್ನುವ ಹಣೆಪಟ್ಟಿ. ಯಾರೊಪೋಲ್ಕ್ ಜೊತೆ ನಡೆದ ಜಗಳದಲ್ಲಿ ಒಲೆಗ್ ಸತ್ತ. ವ್ಲಾದಿಮಿರ್ ಹೆದರಿ ಸಮುದ್ರದಾಚೆ ಓಡಿಹೋದ, ವರಾಂಗಿಯನ್ (ಸ್ಕ್ಯಾಂಡಿನೇವಿಯಾ ಕಡೆಯ) ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ವಾಪಸ್ ಬಂದ, ಅಣ್ಣನನ್ನು ಮಾತುಕತೆಗೆ ಕರೆದು ಕೊಲ್ಲಿಸಿದ. ಆಮೇಲೆ ಅಷ್ಟೂ ಬುಡಕಟ್ಟುಗಳನ್ನು ಒಂದು ಮಾಡಿದ, 988ರಲ್ಲಿ ಕ್ರೈಸ್ತನಾದ, ಈಗ ಅವನೊಬ್ಬ ಸಂತ!

ವಿಡಿಯೋದಲ್ಲಿ ಅವನು ಜೀವನಪೂರ್ತಿ ಅಣ್ಣನ ಸಾವಿಗೆ ಕೊರಗಿದ, ಆ ಕೊರಗೇ ಅವನನ್ನು ಹೊಸ ಧರ್ಮಕ್ಕೆ ಎಳೆದುಕೊಂಡು ಹೋಯಿತು ಅಂತ ಹೇಳುತ್ತಾರೆ. ಇದಕ್ಕೆ ಆಧಾರ ಇದೆಯಾ, ಇಲ್ಲ ಈಗಿನವರು ಸೇರಿಸಿದ್ದಾ? ಇನ್ನೊಂದು, ದ್ರೋಹಿ ಅಂತ ಎಲ್ಲರೂ ಬೈಯುವುದು ಬ್ಲೂದ್ ಅನ್ನುವ ದಳಪತಿಯನ್ನು, ವ್ಲಾದಿಮಿರ್‌ನನ್ನಲ್ಲ. ಅದು ಯಾಕೆ ಹಾಗೆ?

ಹಳೇಪುಟ:

ಒಳ್ಳೆ ಪ್ರಶ್ನೆ. ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಈ ಕಥೆ ನಮಗೆ ಸಿಗುವುದು ಮುಖ್ಯವಾಗಿ ಕೀವ್‌ನ ಸನ್ಯಾಸಿಗಳು 1110ರ ಸುಮಾರಿಗೆ ಜೋಡಿಸಿದ ವೃತ್ತಾಂತದಿಂದ. ಅಂದರೆ ಘಟನೆ ನಡೆದು ನೂರು ವರ್ಷದ ಮೇಲೆ. ಬರೆದವರಿಗೆ ವ್ಲಾದಿಮಿರ್ ಅಂದರೆ ನಾಡಿಗೆ ಧರ್ಮ ತಂದ ಪುಣ್ಯಾತ್ಮ, ಬರೆಯುವ ಹೊತ್ತಿಗೆ ಆಳುತ್ತಿದ್ದವರು ಅವನ ವಂಶದವರೇ. ಹೀಗಿರುವಾಗ ಕೊಲೆಯ ಹೊರೆ ಯಾರ ತಲೆ ಮೇಲೆ ಬೀಳುತ್ತೆ ಹೇಳಿ?

ಆದರೂ ಅವರು ಮುಚ್ಚಿಟ್ಟಿಲ್ಲ, ಅದೇ ಮಜಾ. ಕೀವ್ ಹತ್ತಿರ ಬೀಡುಬಿಟ್ಟ ವ್ಲಾದಿಮಿರ್ ಯಾರೊಪೋಲ್ಕ್‌ನ ದಳಪತಿ ಬ್ಲೂದ್‌ಗೆ ಗುಟ್ಟಾಗಿ ಹೇಳಿಕಳಿಸುತ್ತಾನೆ. ನನ್ನ ಕಡೆ ಬಾ, ಅಣ್ಣನನ್ನು ಮುಗಿಸಿದರೆ ನಿನ್ನನ್ನು ಅಪ್ಪನ ಥರ ನೋಡಿಕೊಳ್ಳುತ್ತೇನೆ, ಅಣ್ಣತಮ್ಮಂದಿರನ್ನು ಕೊಲ್ಲಲು ಶುರು ಮಾಡಿದ್ದು ನಾನಲ್ಲ, ಅವನು, ಅದಕ್ಕೆ ಹೆದರಿಯೇ ನಾನು ಬಂದಿದ್ದೇನೆ ಅಂತ. ಈ ಕೊನೆಯ ಮಾತು ನೋಡಿ. ಕೆಲಸ ಆಗುವುದಕ್ಕೆ ಮೊದಲೇ ಸಮರ್ಥನೆ ರೆಡಿ. ಏನೂ ಅನ್ನಿಸದವನು ಹೀಗೆ ನೆಪ ಹೇಳುವುದಿಲ್ಲ ಅಲ್ವಾ.

ಆ ನೆಪದಲ್ಲಿ ಸ್ವಲ್ಪ ಸತ್ಯವೂ ಇದೆ, ಸ್ವಲ್ಪ ಸುಳ್ಳೂ ಇದೆ. ಜಗಳದ ಮೂಲ ಒಂದು ಬೇಟೆ. ಹಳೆಯ ಸೇನಾಪತಿ ಸ್ವೆನೆಲ್ದ್‌ನ ಮಗ ಲ್ಯೂತ್, ಒಲೆಗ್‌ನ ಕಾಡಿಗೆ ಬೇಟೆಗೆ ನುಗ್ಗಿದ, ಒಲೆಗ್ ಅವನನ್ನು ಕೊಂದ. ಮಗನನ್ನು ಕಳೆದುಕೊಂಡ ಸ್ವೆನೆಲ್ದ್ ಯಾರೊಪೋಲ್ಕ್‌ನ ಕಿವಿ ಕಚ್ಚುತ್ತಲೇ ಇದ್ದ, ತಮ್ಮನ ಮೇಲೆ ಹೋಗು, ಅವನ ನಾಡು ತಗೋ ಅಂತ. 977ರಲ್ಲಿ ಯುದ್ಧವಾಯಿತು. ಸೋತ ಒಲೆಗ್ ಓವ್ರುಚ್ ಊರಿಗೆ ಓಡಿ ಬರುವಾಗ ಕೋಟೆ ಬಾಗಿಲ ಸೇತುವೆ ಮೇಲೆ ನೂಕುನುಗ್ಗಲು, ಅವನು ಕಂದಕಕ್ಕೆ ಬಿದ್ದ, ಮೇಲೆ ಕುದುರೆಗಳೂ ಜನರೂ ಬಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಳನ್ನು ಎಳೆದು ಎಳೆದು ಅಡಿಯಲ್ಲಿದ್ದ ಅವನನ್ನು ಹೊರಗೆ ತೆಗೆದು ಒಂದು ಹಾಸಿನ ಮೇಲೆ ಮಲಗಿಸಿದರು. ಯಾರೊಪೋಲ್ಕ್ ಬಂದು ಅತ್ತುಬಿಟ್ಟ. ಸ್ವೆನೆಲ್ದ್ ಕಡೆ ತಿರುಗಿ, ನೋಡು, ನಿನಗೆ ಬೇಕಾಗಿದ್ದು ಇದೇ ತಾನೇ ಅಂದ.

ಗಮನಿಸಿ, ತಮ್ಮನ ಹೆಣದ ಮುಂದೆ ಅತ್ತಿದ್ದು ಯಾರೊಪೋಲ್ಕ್. ವ್ಲಾದಿಮಿರ್ ಅಣ್ಣನ ಹೆಣದ ಮುಂದೆ ಅತ್ತ ಅಂತ ಎಲ್ಲೂ ಇಲ್ಲ.

ಇನ್ನು ಬ್ಲೂದ್ ಮಾಡಿದ ಕೆಲಸ. ಕೀವ್ ಜನ ನಿಮ್ಮನ್ನು ಒಪ್ಪಿಸುವ ಸಂಚು ಮಾಡುತ್ತಿದ್ದಾರೆ ಅಂತ ಸುಳ್ಳು ಹೇಳಿ ದೊರೆಯನ್ನು ಗಟ್ಟಿ ಊರಿನಿಂದ ಹೊರಡಿಸಿದ. ರೋಸ್ ನದಿ ದ್ನೀಪರ್ ಸೇರುವಲ್ಲಿರುವ ರೊದ್ನ್ಯಾ ಎಂಬ ಸಣ್ಣ ಕೋಟೆಗೆ ಹೋದರು. ಅಲ್ಲಿ ಮುತ್ತಿಗೆ, ಹಸಿವು. ರೊದ್ನ್ಯಾದ ಪಾಡು ಅನ್ನುವ ಗಾದೆಯೇ ಆ ಕಡೆ ಹುಟ್ಟಿಕೊಂಡಿತು. ಆಮೇಲೆ ಅದೇ ಬ್ಲೂದ್, ತಮ್ಮನ ಜೊತೆ ರಾಜಿ ಮಾಡಿಕೊಳ್ಳಿ ಅಂದ. ವರ್ಯಾಜ್ಕೊ ಅನ್ನುವ ನಂಬಿಕಸ್ಥ ಮಾತ್ರ ಬೇಡ ದೊರೆ, ಕೊಲ್ಲುತ್ತಾರೆ, ಪೆಚೆನೆಗರ ಹತ್ತಿರ ಹೋಗಿ ಸೈನ್ಯ ತರೋಣ ಅಂದ. ಕೇಳಲಿಲ್ಲ. ಯಾರೊಪೋಲ್ಕ್ ಬಾಗಿಲು ದಾಟುತ್ತಿದ್ದ ಹಾಗೆ ಇಬ್ಬರು ವರಾಂಗಿಯನ್ನರು ಎರಡೂ ಕಡೆಯಿಂದ ಕಂಕುಳ ಕೆಳಗೆ ಕತ್ತಿ ಚುಚ್ಚಿ ಎತ್ತಿದರು. ಬ್ಲೂದ್ ಹಿಂದಿನಿಂದ ಬಾಗಿಲು ಹಾಕಿಕೊಂಡ, ದೊರೆಯ ಜನ ಒಳಗೆ ಬರದ ಹಾಗೆ. ಇದೆಲ್ಲ ನಡೆದಿದ್ದು ವೃತ್ತಾಂತದ ಪ್ರಕಾರ 980, ಇನ್ನೊಂದು ಹಳೆಯ ಬರಹದ ಲೆಕ್ಕದಲ್ಲಿ 978ರ ಜೂನ್.

ಸನ್ಯಾಸಿ ಇಲ್ಲಿ ಕಥೆ ನಿಲ್ಲಿಸಿ ಬ್ಲೂದ್‌ಗೆ ಸರಿಯಾಗಿ ಮಂಗಳಾರತಿ ಮಾಡುತ್ತಾನೆ. ಒಡೆಯನ ಅನ್ನ ತಿಂದು ಅವನ ತಲೆ ತೆಗೆಸುವವರು ದೆವ್ವಕ್ಕಿಂತ ಕಡೆ, ಈ ರಕ್ತಕ್ಕೆ ಅವನೇ ಹೊಣೆ ಅಂತ. ಕತ್ತಿ ಕೊಟ್ಟವನ ಬಗ್ಗೆ ಮಾತಿಲ್ಲ.

ಒಂಟಿಸಲಗ:

ಬ್ಲೂದ್‌ನನ್ನು ಆಮೇಲೆ ಅಪ್ಪನ ಥರ ನೋಡಿಕೊಂಡನಾ? 😄

ಹಳೇಪುಟ:

@ಒಂಟಿಸಲಗ ಆ ವೃತ್ತಾಂತದಲ್ಲಿ ಅವನ ಹೆಸರು ಅಲ್ಲಿಗೆ ಖಾಲಿ ಮಾರಾಯರೇ. ಬದಲಿಗೆ ವರ್ಯಾಜ್ಕೊ ಏನಾದ ಅನ್ನುವುದಿದೆ. ಅಲ್ಲಿಂದ ಸೀದಾ ಪೆಚೆನೆಗರ ಹತ್ತಿರ ಹೋಗಿ ಅವರ ಜೊತೆ ಸೇರಿ ತುಂಬಾ ಕಾಲ ವ್ಲಾದಿಮಿರ್ ಮೇಲೆ ದಾಳಿ ಮಾಡಿದ. ಕೊನೆಗೆ ವ್ಲಾದಿಮಿರ್ ಆಣೆ ಪ್ರಮಾಣ ಮಾಡಿ, ಕಷ್ಟಪಟ್ಟು ಅವನನ್ನು ತನ್ನ ಕಡೆ ಕರೆಸಿಕೊಂಡ. ತನಗೆ ಸಹಾಯ ಮಾಡಿದ ದ್ರೋಹಿಗಿಂತ ತನ್ನ ವಿರುದ್ಧ ನಿಂತ ನಂಬಿಕಸ್ಥನೇ ಅವನಿಗೆ ಜಾಸ್ತಿ ಬೇಕಾಗಿದ್ದ.

ಬಾಡಿಗೆ ಸೈನಿಕರಿಗೆ ಮಾಡಿದ್ದೂ ಕೇಳಿ. ಕೀವ್ ಗೆದ್ದಿದ್ದು ನಾವು, ತಲೆಗೆ 2 ಗ್ರಿವ್ನಾ ಬೆಳ್ಳಿ ಕೊಡಿಸು ಅಂದರು. ಒಂದು ತಿಂಗಳು ತಡೆಯಿರಿ, ತುಪ್ಪಳ ವಸೂಲಾಗಲಿ ಅಂದ. ತಿಂಗಳಾಯಿತು, ಕೊಡಲಿಲ್ಲ. ಹಾಗಾದರೆ ಗ್ರೀಕರ ನಾಡಿಗೆ ದಾರಿ ತೋರಿಸು ಅಂದರು. ಬೇಕಾದ ಕೆಲವರನ್ನು ಇಟ್ಟುಕೊಂಡು ಉಳಿದವರನ್ನು ಕಳಿಸಿದ, ಅವರಿಗಿಂತ ಮುಂಚೆ ಚಕ್ರವರ್ತಿಗೆ ಸುದ್ದಿ ಮುಟ್ಟಿಸಿದ. ಇವರನ್ನು ಊರೊಳಗೆ ಇಟ್ಟುಕೊಳ್ಳಬೇಡಿ, ಬೇರೆ ಬೇರೆ ಕಡೆ ಹಂಚಿಬಿಡಿ, ಇತ್ತ ಒಬ್ಬನನ್ನೂ ಬಿಡಬೇಡಿ ಅಂತ. ಇಂಥವನು ಕೊರಗುತ್ತಾ ಕೂತಿದ್ದ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಕಾಳುಮೆಣಸು:

ಬುಡಕಟ್ಟುಗಳನ್ನು ಒಂದು ಮಾಡಿದ ಅಂತ ಎಲ್ಲರೂ ಬರೆಯುತ್ತಾರೆ, ಕೇಳಲು ಚೆನ್ನಾಗಿದೆ. ಎಲ್ಲರೂ ಒಂದು ಕಡೆ ಕೂತು ಕೈ ಕುಲುಕಿದ ಹಾಗೆ. ನಡೆದಿದ್ದು ಕಪ್ಪ ವಸೂಲಿ. 981ರಲ್ಲಿ ವ್ಯಾತಿಚಿ ಜನರ ಮೇಲೆ ಹೋಗಿ ನೇಗಿಲಿಗೆ ಇಷ್ಟು ಅಂತ ಕಪ್ಪ ಹಾಕಿದ. ಮರುವರ್ಷ ಅವರು ತಿರುಗಿಬಿದ್ದರು, ಇನ್ನೊಂದು ಸಲ ಹೋಗಿ ಬಡಿದ. 984ರಲ್ಲಿ ರದಿಮಿಚಿಗಳ ಸರದಿ. ಅಲ್ಲಿಗೆ ಮುಂದಾಗಿ ಹೋದ ದಳಪತಿಯ ಹೆಸರು ತೋಳದಬಾಲ! ಅವನು ಪಿಶ್ಚಾನಾ ನದಿ ಹತ್ತಿರ ಅವರನ್ನು ಓಡಿಸಿದ. ತೋಳದ ಬಾಲ ಕಂಡರೇ ಓಡುವವರು ಅಂತ ಆಮೇಲೆ ರಷ್ಯನ್ನರು ಅವರನ್ನು ಆಡಿಕೊಳ್ಳುತ್ತಿದ್ದರಂತೆ.

ನನಗೆ ತುಂಬಾ ಇಷ್ಟವಾದ ತುಣುಕು 985ರದ್ದು. ವೋಲ್ಗಾ ಕಡೆಯ ಬಲ್ಗಾರ್‌ಗಳ ಮೇಲೆ ಹೋಗಿ ಗೆದ್ದರು. ವ್ಲಾದಿಮಿರ್‌ನ ಸೋದರಮಾವ ದೊಬ್ರಿನ್ಯಾ ಸೆರೆಸಿಕ್ಕವರನ್ನು ನೋಡಲು ಹೋದ. ಮುಖ ನೋಡಲಿಲ್ಲ, ಕಾಲು ನೋಡಿದ. ಎಲ್ಲರ ಕಾಲಲ್ಲೂ ಚರ್ಮದ ಬೂಟು. ಇವರು ನಮಗೆ ಕಪ್ಪ ಕೊಡುವ ಪೈಕಿ ಅಲ್ಲಪ್ಪ, ಮರದ ನಾರಿನ ಚಪ್ಪಲಿ ಹಾಕುವವರನ್ನು ಹುಡುಕೋಣ ನಡಿ ಅಂದ. ಬಲ್ಗಾರ್‌ಗಳ ಜೊತೆ ಒಪ್ಪಂದ ಮಾಡಿಕೊಂಡು ವಾಪಸ್ ಬಂದರು. ಆ ರಾಜ್ಯ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ಬೇಕಿಲ್ಲ. ಬಡಪಾಯಿಗಳನ್ನು ಹುಡುಕಿ ಒಂದು ಮಾಡುವುದು!

ಹಾಗಂತ ಅವನು ಬರೀ ಲೂಟಿಕೋರ ಅಲ್ಲ. ಎಲ್ಲರಿಗೂ ಒಂದೇ ದೇವರ ಗುಂಪು ಇರಲಿ ಅಂತ ಕೀವ್ ಅರಮನೆ ಹೊರಗಿನ ಗುಡ್ಡದ ಮೇಲೆ ಮೂರ್ತಿ ನಿಲ್ಲಿಸಿದ. ಪೆರೂನ್ ಮರದವನು, ತಲೆ ಬೆಳ್ಳಿಯದು, ಮೀಸೆ ಚಿನ್ನದ್ದು. ಜೊತೆಗೆ ಖೋರ್ಸ್, ದಾಜ್ಬೊಗ್, ಸ್ತ್ರಿಬೊಗ್, ಸಿಮಾರ್ಗ್ಲ್, ಮೊಕೊಶ್. ಅದು ನಡೆಯಲಿಲ್ಲ. 988ರ ನಂತರ ಅದೇ ಪೆರೂನ್‌ನನ್ನು ಕುದುರೆ ಬಾಲಕ್ಕೆ ಕಟ್ಟಿ, 12 ಜನ ಕೋಲಿನಿಂದ ಹೊಡೆಯುತ್ತಾ, ಎಳೆದುಕೊಂಡು ಹೋಗಿ ದ್ನೀಪರ್‌ಗೆ ಎಸೆದರು. ಜನ ಅಳುತ್ತಿದ್ದರು ಅಂತ ಸನ್ಯಾಸಿಗಳೇ ಬರೆದಿದ್ದಾರೆ.

ನನ್ನ ಪ್ರಕಾರ ಒಗ್ಗಟ್ಟು ನಿಜವಾಗಿ ಹುಟ್ಟಿದ್ದು ಗಡಿಯಲ್ಲಿ. ಪೆಚೆನೆಗರ ಕಾಟಕ್ಕೆ ದೆಸ್ನಾ, ಓಸ್ತೆರ್, ತ್ರುಬೆಜ್, ಸುಲಾ, ಸ್ತುಗ್ನಾ ನದಿಗಳ ಸಾಲಿನಲ್ಲಿ ಕೋಟೆ ಊರುಗಳನ್ನು ಕಟ್ಟಿಸಿದ. ಅಲ್ಲಿ ಕಾವಲಿಗೆ ಕೂರಿಸಿದ್ದು ಉತ್ತರದ ಸ್ಲೊವೆನ್, ಕ್ರಿವಿಚಿ, ಚುದ್, ವ್ಯಾತಿಚಿ ಜನರಿಂದ ಆರಿಸಿ ತಂದವರನ್ನು. ನಿನ್ನೆ ಮೊನ್ನೆ ಕಪ್ಪ ಕೊಡಲ್ಲ ಅಂತ ದಂಗೆ ಎದ್ದಿದ್ದ ವ್ಯಾತಿಚಿಯವನು, ಭಾಷೆಯೇ ಬೇರೆಯಾದ ಚುದ್ ಜನದವನು, ಇಬ್ಬರೂ ಒಂದೇ ಮಣ್ಣಿನ ದಿಬ್ಬದ ಹಿಂದೆ ನಿಂತು ಹುಲ್ಲುಗಾವಲು ನೋಡುತ್ತಾ ರಾತ್ರಿ ಕಳೆಯಬೇಕು. ಊರಿನ ಮುಖಂಡರನ್ನು ಊರಿನಿಂದ ಕಿತ್ತು ತಂದರೆ ಅಲ್ಲಿ ದಂಗೆ ಏಳುವವರೂ ಕಡಿಮೆ. ಒಂದೇ ಏಟಿಗೆ ಎರಡು ಕೆಲಸ. ಹಳೆಯ ಬುಡಕಟ್ಟು ನಾಯಕರ ಜಾಗಕ್ಕೆ ತನ್ನ ಗಂಡುಮಕ್ಕಳನ್ನು ಕಳಿಸಿದ. 12 ಮಕ್ಕಳ ಹೆಸರಿದೆ. ಮುಂದೆ ಏನಾಗಿರಬಹುದು ಅಂತ ಊಹಿಸಿ.

ಸಂಪಿಗೆ:

ನೀವೆಲ್ಲ ಅಣ್ಣತಮ್ಮಂದಿರ ಸುತ್ತಲೇ ತಿರುಗುತ್ತಿದ್ದೀರಿ. ಪೊಲೊತ್ಸ್ಕ್‌ನಲ್ಲಿ ಆಗಿದ್ದನ್ನು ಒಬ್ಬರೂ ಎತ್ತಲಿಲ್ಲ. ತಪ್ಪಿನ ಭಾವನೆ ಹುಡುಕಬೇಕಾದ್ದೇ ಅಲ್ಲಿ.

ಕೀವ್‌ಗೆ ಹೋಗುವ ಮೊದಲು ವ್ಲಾದಿಮಿರ್ ಪೊಲೊತ್ಸ್ಕ್ ದೊರೆ ರೊಗ್ವೊಲೊದ್‌ನ ಮಗಳು ರೊಗ್ನೆದಾಳನ್ನು ಮದುವೆಗೆ ಕೇಳಿದ. ಮದುವೆ ರಾತ್ರಿ ಹೆಂಡತಿ ಗಂಡನ ಬೂಟು ಬಿಚ್ಚುವುದು ಅಲ್ಲಿನ ಪದ್ಧತಿ. ದಾಸಿಮಗನ ಬೂಟು ನಾನು ಬಿಚ್ಚಲ್ಲ, ನನಗೆ ಯಾರೊಪೋಲ್ಕ್ ಆಗಬೇಕು ಅಂದಳು. ವ್ಲಾದಿಮಿರ್ ಊರು ಹಿಡಿದ, ಅವಳ ಅಪ್ಪನನ್ನೂ ಇಬ್ಬರು ಅಣ್ಣತಮ್ಮಂದಿರನ್ನೂ ಕೊಂದ, ಅವಳನ್ನು ಹೆಂಡತಿ ಮಾಡಿಕೊಂಡ. ಆ ವೃತ್ತಾಂತವನ್ನು ಮುಂದುವರಿಸಿದವರ 1128ನೇ ವರ್ಷದ ಟಿಪ್ಪಣಿಯಲ್ಲಿ ಇನ್ನೂ ಘೋರವಾಗಿದೆ. ದೊಬ್ರಿನ್ಯಾ ಹೇಳಿದ ಹಾಗೆ ಅಪ್ಪ ಅಮ್ಮನ ಎದುರೇ ಅವಳ ಮೇಲೆ ಅತ್ಯಾಚಾರ, ಆಮೇಲೆ ಅಪ್ಪನ ಕೊಲೆ.

ಅದೇ ಟಿಪ್ಪಣಿಯಲ್ಲಿ ಮುಂದಿನ ಕಥೆಯೂ ಇದೆ. ಹಲವು ವರ್ಷ ಆದ ಮೇಲೆ, ಅವನು ಬೇರೆ ಹೆಂಡತಿಯರ ಹಿಂದೆ ಬಿದ್ದ ಮೇಲೆ, ಒಂದು ರಾತ್ರಿ ಅವನು ಮಲಗಿದ್ದಾಗ ರೊಗ್ನೆದಾ ಚಾಕು ಎತ್ತಿದಳು. ಅವನಿಗೆ ಎಚ್ಚರವಾಗಿ ಕೈ ಹಿಡಿದುಕೊಂಡ. ನನ್ನ ಅಪ್ಪನನ್ನು ಕೊಂದೆ, ನಾಡು ಕಿತ್ತುಕೊಂಡೆ, ಈಗ ನನ್ನನ್ನೂ ಈ ಮಗುವನ್ನೂ ಕೇಳುವವರಿಲ್ಲ ಅಂದಳು. ಮದುವೆ ದಿನ ಉಟ್ಟಿದ್ದ ಬಟ್ಟೆ ಉಟ್ಟು ಹಾಸಿಗೆ ಮೇಲೆ ಕೂತಿರು, ಬಂದು ಕೊಲ್ಲುತ್ತೇನೆ ಅಂದ ಅವನು. ಅವಳು ಉಟ್ಟು ಕೂತಳು. ಪುಟ್ಟ ಮಗ ಇಜ್ಯಾಸ್ಲಾವ್ ಕೈಗೆ ಬಿಚ್ಚುಗತ್ತಿ ಕೊಟ್ಟು, ಅಪ್ಪ ಒಳಗೆ ಬಂದಾಗ ನೀನು ಇಲ್ಲಿ ಒಬ್ಬನೇ ಇದ್ದೀಯ ಅಂದುಕೊಂಡೆಯಾ ಅಂತ ಕೇಳು ಅಂತ ಹೇಳಿಕೊಟ್ಟಳು. ಮಗು ಕೇಳಿತು. ನೀನು ಇಲ್ಲಿರ್ತೀಯ ಅಂತ ಯಾರಿಗೆ ಗೊತ್ತಿತ್ತು ಅಂತ ವ್ಲಾದಿಮಿರ್ ಕತ್ತಿ ಬಿಸಾಡಿದ. ತನ್ನ ಹಿರಿಯರನ್ನು ಕರೆದು ಕೇಳಿದ. ಅವಳನ್ನು ಕೊಲ್ಲಬೇಡ, ಅವಳ ಅಪ್ಪನ ನಾಡನ್ನು ಅವಳಿಗೂ ಮಗನಿಗೂ ವಾಪಸ್ ಕೊಡು ಅಂದರು. ಕೊಟ್ಟ. ಅವರಿಗಾಗಿ ಕಟ್ಟಿಸಿದ ಊರಿಗೆ ಮಗನ ಹೆಸರೇ ಇಟ್ಟ.

ಕಥೆ ಬಣ್ಣ ಕಟ್ಟಿದ್ದು ಅನ್ನಿ ಬೇಕಾದರೆ, 150 ವರ್ಷದ ಮೇಲಿನ ಬರಹ. ಆದರೆ ಪೊಲೊತ್ಸ್ಕ್ ಆ ಮಗನ ವಂಶಕ್ಕೇ ಉಳಿದಿದ್ದು ನಿಜ. ಅವನು ಕಿತ್ತುಕೊಂಡಿದ್ದನ್ನು ಅಲ್ಲಿ ತಿರುಗಿ ಕೊಟ್ಟ. ಅದೂ ಚಾಕು ತೋರಿಸಿದ ಮೇಲೆ.

ನಡುಹಗಲು:

ಸಂಪಿಗೆ ಮೇಡಂ ಹೇಳಿದ್ದು ನೂರಕ್ಕೆ ನೂರು.

ಧರ್ಮದ ವಿಷಯಕ್ಕೆ ಬಂದರೆ ಕೊರಗಿನಿಂದ ಕ್ರೈಸ್ತನಾದ ಅನ್ನುವುದು ನನಗೂ ಒಪ್ಪಿಗೆ ಇಲ್ಲ. ಬೈಜಾಂಟಿಯಮ್, ಅಂದರೆ ಮೇಲೆ ಹೇಳಿದ ಗ್ರೀಕರ ನಾಡಿನ ಚಕ್ರವರ್ತಿ ಎರಡನೇ ಬಾಸಿಲ್ ಆಗ ಬರ್ದಾಸ್ ಫೊಕಾಸ್‌ನ ದಂಗೆಯಿಂದ ಒದ್ದಾಡುತ್ತಿದ್ದ. ವ್ಲಾದಿಮಿರ್ 6000 ಸೈನಿಕರನ್ನು ಕಳಿಸಿದ, ಬದಲಿಗೆ ಚಕ್ರವರ್ತಿಯ ಸ್ವಂತ ತಂಗಿ ಅನ್ನಾಳನ್ನು ಕೇಳಿದ. ಪಟ್ಟದ ಅರಮನೆಯಲ್ಲಿ ಹುಟ್ಟಿದ ಹೆಣ್ಣನ್ನು ಅವರು ಹೊರಗಿನವರಿಗೆ ಕೊಡುವವರೇ ಅಲ್ಲ. ಕ್ರಿಮಿಯಾದ ಖೆರ್ಸೊನೆಸ್ ಊರನ್ನೂ ಮುತ್ತಿಗೆ ಹಾಕಿ ಹಿಡಿದ. ಅದು ಕೈಗೆ ಬಂದಿದ್ದೂ ದ್ರೋಹದಿಂದಲೇ. ಊರೊಳಗಿನ ಅನಾಸ್ತಾಸ್ ಎಂಬವನು, ಪೂರ್ವಕ್ಕಿರುವ ಬಾವಿಗಳಿಂದ ಕೊಳವೆಯಲ್ಲಿ ನೀರು ಬರುತ್ತೆ, ಅಗೆದು ನಿಲ್ಲಿಸು ಅಂತ ಬಾಣಕ್ಕೆ ಚೀಟಿ ಕಟ್ಟಿ ಬಿಟ್ಟ. ನೀರು ನಿಂತಿತು, ಊರು ಬಾಗಿಲು ತೆರೆಯಿತು. ವ್ಲಾದಿಮಿರ್ ಅವನನ್ನು ಕೀವ್‌ಗೆ ಕರೆದುಕೊಂಡು ಬಂದು, ತನ್ನ ಆದಾಯದ ಹತ್ತನೇ ಒಂದು ಪಾಲು ಕೊಟ್ಟು ಕಟ್ಟಿಸಿದ ದಶಾಂಶ ಚರ್ಚನ್ನೇ ಅವನ ಕೈಗೆ ಒಪ್ಪಿಸಿದ.

ಆದರೆ ಆಮೇಲೆ ಏನೂ ಬದಲಾಗಲಿಲ್ಲ ಅನ್ನುವವರ ಜೊತೆಯೂ ನಾನಿಲ್ಲ. ದೀಕ್ಷೆ ತಗೊಂಡ ಮೇಲೆ ಅವನು ಕಳ್ಳಕಾಕರಿಗೆ ಮರಣದಂಡನೆ ಕೊಡುವುದನ್ನೇ ಬಿಟ್ಟುಬಿಟ್ಟ. ದರೋಡೆ ಜಾಸ್ತಿಯಾಯಿತು. ಬಿಷಪ್‌ಗಳೇ ಬಂದು ಯಾಕೆ ಶಿಕ್ಷೆ ಕೊಡಲ್ಲ ಅಂತ ಕೇಳಿದರು. ಪಾಪಕ್ಕೆ ಹೆದರುತ್ತೇನೆ ಅಂದ. ಇಷ್ಟೂ ಕಥೆಯಲ್ಲಿ ಅವನ ಬಾಯಿಂದ ಬರುವ ಇಂಥ ಮಾತು ನನಗೆ ಸಿಕ್ಕಿದ್ದು ಇದೊಂದೇ. ಬಿಷಪ್‌ಗಳು ಅವನನ್ನು ಸಮಾಧಾನ ಮಾಡಿ, ಕೆಟ್ಟವರನ್ನು ಶಿಕ್ಷಿಸಲೆಂದೇ ದೇವರು ನಿನ್ನನ್ನು ಕೂರಿಸಿದ್ದು ಅಂತ ಒಪ್ಪಿಸಿದರು. ಸ್ವಲ್ಪ ದಿನ ಆದ ಮೇಲೆ ಅವರೇ ವಾಪಸ್ ಬಂದು, ಯುದ್ಧ ಜಾಸ್ತಿಯಾಗಿದೆ, ಮೊದಲಿನ ಹಾಗೆ ದಂಡ ವಸೂಲಿ ಮಾಡು, ಆಯುಧಕ್ಕೆ ಕುದುರೆಗೆ ಆಗುತ್ತೆ ಅಂದರು!

ಹೊರಗಿನವರ ಸಾಕ್ಷಿಯೂ ಇದೆ. ಜರ್ಮನಿಯ ಮೆರ್ಸೆಬುರ್ಗ್ ಬಿಷಪ್ ತೀಟ್ಮಾರ್ ಅವನ ಕಾಲದವನೇ, ಸತ್ತಿದ್ದು 1018ರಲ್ಲಿ. ವ್ಲಾದಿಮಿರ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಹೆಣ್ಣುಬಾಕ, ಕ್ರೂರಿ ಅಂತ ಬರೆದಿದ್ದಾನೆ. ಅದೇ ಕೈಯಲ್ಲಿ, ತನ್ನ ಪಾಪ ತೊಳೆದುಕೊಳ್ಳಲು ಕೈಬಿಚ್ಚಿ ದಾನ ಮಾಡುತ್ತಿದ್ದ ಅಂತಲೂ ಬರೆದಿದ್ದಾನೆ. ಇದಕ್ಕೆ ಕೀವ್ ಸನ್ಯಾಸಿಗಳ ಮಾತೂ ತಾಳೆಯಾಗುತ್ತೆ. ಅರಮನೆಗೆ ಬಂದ ಬಡವರಿಗೆಲ್ಲ ಊಟ, ಬರಲಾಗದ ರೋಗಿಗಳಿಗೆ ಗಾಡಿಯಲ್ಲಿ ರೊಟ್ಟಿ, ಮಾಂಸ, ಮೀನು, ಪಾನಕ ತುಂಬಿ ಬೀದಿ ಬೀದಿಗೆ ಕಳಿಸುತ್ತಿದ್ದ.

ಅಶೋಕನ ಜೊತೆ ಹೋಲಿಸುವ ಆಸೆ ನಮ್ಮವರಿಗೆ ಆಗುತ್ತೆ. ಅಶೋಕ ಕಳಿಂಗದ ಬಗ್ಗೆ ತನ್ನ ಮಾತಲ್ಲೇ ಬಂಡೆ ಮೇಲೆ ಕೆತ್ತಿಸಿದ. ಇವನು ಯಾರೊಪೋಲ್ಕ್ ಬಗ್ಗೆ ಒಂದು ಸಾಲೂ ಬರೆಸಿಟ್ಟಿಲ್ಲ.

ಗುಬ್ಬಿಗೂಡು:

ಅಬ್ಬಾ, ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ದೊಬ್ರಿನ್ಯಾ ಬೂಟು ನೋಡಿದ ಕಥೆ ಮನೆಯಲ್ಲಿ ಎಲ್ಲರಿಗೂ ಹೇಳಿ ಆಯಿತು.

ಯಾರೊಪೋಲ್ಕ್ ಹೆಂಡತಿ ಏನಾದಳು? ಅವಳು ಬಸುರಿ ಇದ್ದಳು ಅಂತ ಎಲ್ಲೋ ಓದಿದೆ.

ಹಳೇಪುಟ:

ಹೌದು. ಅವಳು ಗ್ರೀಕ್ ಹೆಂಗಸು, ಮೊದಲು ಕ್ರೈಸ್ತ ಸನ್ಯಾಸಿನಿ, ಸ್ವ್ಯಾತೊಸ್ಲಾವ್ ಸೆರೆ ಹಿಡಿದು ತಂದು ಅಂದವಾಗಿದ್ದಾಳೆ ಅಂತ ಮಗ ಯಾರೊಪೋಲ್ಕ್‌ಗೆ ಕೊಟ್ಟಿದ್ದ. ಅಣ್ಣನನ್ನು ಕೊಂದ ಮೇಲೆ ವ್ಲಾದಿಮಿರ್ ಅವಳನ್ನು ತಾನೇ ಇಟ್ಟುಕೊಂಡ. ಹುಟ್ಟಿದ ಹುಡುಗ ಸ್ವ್ಯಾತೊಪೋಲ್ಕ್. ಇಬ್ಬರು ಅಪ್ಪಂದಿರ ಮಗ ಅಂತ ಬರೆದಿದ್ದಾರೆ, ವ್ಲಾದಿಮಿರ್‌ಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ ಅಂತಲೂ. ನನಗೆ ಕೇಳಿದರೆ ಅವನ ಮನಸ್ಸು ಚುಚ್ಚಿದ್ದರೆ ಅದು ಈ ಹುಡುಗನ ಮುಖ ನೋಡಿದಾಗ. ಊಟಕ್ಕೆ ಕೂತಾಗೆಲ್ಲ ಎದುರಿಗೆ ಅವನೇ.

1014ರಲ್ಲಿ ನವ್ಗೊರೊದ್‌ನಲ್ಲಿದ್ದ ಯಾರೊಸ್ಲಾವ್, ಅಂದರೆ ರೊಗ್ನೆದಾಳ ಇನ್ನೊಬ್ಬ ಮಗ, ಕೀವ್‌ಗೆ ವರ್ಷ ವರ್ಷ ಕಳಿಸಬೇಕಾದ 2000 ಗ್ರಿವ್ನಾ ಕೊಡಲ್ಲ ಅಂದ. ದಾರಿ ಸರಿಮಾಡಿ, ಸೇತುವೆ ಹಾಕಿ ಅಂತ ಮಗನ ಮೇಲೆ ದಂಡು ಹೊರಡಿಸುವಾಗಲೇ ಮುದುಕ ಕಾಯಿಲೆ ಬಿದ್ದ. ಯಾರೊಸ್ಲಾವ್ ಏನು ಮಾಡಿದ ಗೊತ್ತಾ? ಸಮುದ್ರದಾಚೆಯಿಂದ ವರಾಂಗಿಯನ್ನರನ್ನು ಕರೆಸಿದ. ಅಪ್ಪನ ಪಾಠವೇ. 1015ರ ಜುಲೈ 15ರಂದು ವ್ಲಾದಿಮಿರ್ ಕೀವ್ ಹತ್ತಿರದ ಬೆರೆಸ್ತೊವೊದಲ್ಲಿ ಸತ್ತ. ಸ್ವ್ಯಾತೊಪೋಲ್ಕ್ ಕೀವ್‌ನಲ್ಲೇ ಇದ್ದ ಅಂತ ಸಾವನ್ನು ಮುಚ್ಚಿಟ್ಟರು. ರಾತ್ರಿ ಎರಡು ಕೋಣೆಗಳ ನಡುವಿನ ನೆಲದ ಹಲಗೆ ಕಿತ್ತು, ಹೆಣವನ್ನು ಜಮಖಾನದಲ್ಲಿ ಸುತ್ತಿ, ಹಗ್ಗದಲ್ಲಿ ಕೆಳಗಿಳಿಸಿ, ಜಾರುಗಾಡಿಯಲ್ಲಿಟ್ಟು ದಶಾಂಶ ಚರ್ಚಿಗೆ ಸಾಗಿಸಿದರು.

ಇನ್ನೂ ಒಂದು. 1044ರಲ್ಲಿ ಯಾರೊಸ್ಲಾವ್ ತನ್ನ ದೊಡ್ಡಪ್ಪಂದಿರಾದ ಯಾರೊಪೋಲ್ಕ್ ಮತ್ತು ಒಲೆಗ್‌ರ ಗೋರಿ ಅಗೆಸಿ, ಮೂಳೆಗಳಿಗೆ ದೀಕ್ಷಾಸ್ನಾನ ಮಾಡಿಸಿ, ಅದೇ ದಶಾಂಶ ಚರ್ಚಿನಲ್ಲಿ ಇಡಿಸಿದ. ಸತ್ತವರಿಗೆ ದೀಕ್ಷೆ ಕೊಡುವುದು ಚರ್ಚಿನ ನಿಯಮಕ್ಕೇ ವಿರುದ್ಧ. ಆದರೂ ಮಾಡಿಸಿದ. ಕೊಂದವನೂ ಕೊಲ್ಲಿಸಿಕೊಂಡವನೂ ಒಂದೇ ಸೂರಿನಡಿ. ವ್ಲಾದಿಮಿರ್ ಬದುಕಿದ್ದಾಗ ಈ ಕೆಲಸ ಮಾಡಲಿಲ್ಲ, ಮಾಡಬಹುದಿತ್ತು. ಅದಕ್ಕೇ ನನ್ನ ಉತ್ತರ, ಪಶ್ಚಾತ್ತಾಪ ಇದ್ದಿದ್ದು ಮಗನಿಗೆ.

ಕಾಳುಮೆಣಸು:

ಮಗನಿಗೂ ಇತ್ತು ಅಂತ ಹೇಗೆ ಹೇಳ್ತೀರಿ ಸರ್? ಅವನ ಕೈಯೇನು ಅಷ್ಟು ಸ್ವಚ್ಛವಾ? ಇನ್ನೊಬ್ಬ ತಮ್ಮ ಸುದಿಸ್ಲಾವ್‌ನನ್ನು 1036ರಿಂದ ಸೆರೆಮನೆಯಲ್ಲಿ ಇಟ್ಟಿದ್ದು ಇದೇ ಯಾರೊಸ್ಲಾವ್. ಹೊರಗೆ ಬಿಟ್ಟಿದ್ದು ಅವನು ಸತ್ತ ಮೇಲೆ, 1059ರಲ್ಲಿ, ಅವನ ಮಕ್ಕಳು. ಸತ್ತ ದೊಡ್ಡಪ್ಪಂದಿರಿಗೆ ದೀಕ್ಷೆ, ಬದುಕಿದ್ದ ತಮ್ಮನಿಗೆ ಜೈಲು.

ಅನಾಸ್ತಾಸ್ ಕಥೆ ಅರ್ಧಕ್ಕೆ ಬಿಟ್ಟಿದ್ದೀರಿ @ನಡುಹಗಲು. 1018ರಲ್ಲಿ ಪೋಲೆಂಡಿನ ಬೊಲೆಸ್ಲಾವ್ ಕೀವ್ ಹಿಡಿದು ವಾಪಸ್ ಹೊರಟಾಗ ಚರ್ಚಿನ ಅನಾಸ್ತಾಸ್‌ನನ್ನೇ ದೋಚಿದ ಸಂಪತ್ತಿಗೆ ಕಾವಲಿಟ್ಟು ಕರೆದುಕೊಂಡು ಹೋದ. ನಯವಾಗಿ ಮಾತಾಡಿ ಅವನ ನಂಬಿಕೆ ಗಳಿಸಿದ್ದನಂತೆ!

ಒಂಟಿಸಲಗ:

ಈ ಅನಾಸ್ತಾಸ್‌ದೇ ಒಂದು ಸಿನಿಮಾ ಮಾಡಬೇಕು.

ಸರಿ, ಹಾಗಾದರೆ ವ್ಲಾದಿಮಿರ್‌ನ ಇನ್ನಿಬ್ಬರು ಮಕ್ಕಳಾದ ಬೋರಿಸ್ ಮತ್ತು ಗ್ಲೆಬ್‌ನನ್ನು ಕೊಂದಿದ್ದು ಸ್ವ್ಯಾತೊಪೋಲ್ಕಾ ಇಲ್ಲ ಯಾರೊಸ್ಲಾವಾ? ಎರಡೂ ಓದಿದ್ದೇನೆ.

ನಡುಹಗಲು:

ಕೀವ್ ಸನ್ಯಾಸಿಗಳು ಸ್ವ್ಯಾತೊಪೋಲ್ಕ್ ಅನ್ನುತ್ತಾರೆ, ಅವನಿಗೆ ಶಾಪಗ್ರಸ್ತ ಅಂತ ಬಿರುದೇ ಇದೆ. ಐಸ್‌ಲ್ಯಾಂಡಿನ ಒಂದು ಹಳೆಯ ಕಥೆಯಲ್ಲಿ ಯಾರೊಸ್ಲಾವ್‌ನ ಬಾಡಿಗೆ ವರಾಂಗಿಯನ್ನರೇ ಅವನ ಒಬ್ಬ ಸೋದರನ ತಲೆ ಕಡಿದು ತರುತ್ತಾರೆ, ಅದು ಬೋರಿಸ್ ಇರಬಹುದು ಅಂತ ಕೆಲವು ಇತಿಹಾಸಕಾರರ ವಾದ. ತೀಟ್ಮಾರ್ ಅಂತೂ ಅಪ್ಪ ಸಾಯುವ ಮುಂಚೆ ಸ್ವ್ಯಾತೊಪೋಲ್ಕ್ ಜೈಲಿನಲ್ಲಿದ್ದ ಅನ್ನುತ್ತಾನೆ, ಬೋರಿಸ್ ಗ್ಲೆಬ್ ಕೊಲೆಯ ಸುದ್ದಿಯನ್ನೇ ಎತ್ತುವುದಿಲ್ಲ. ಇದಕ್ಕೆ ಬೇರೆ ಥ್ರೆಡ್ ಶುರು ಮಾಡಿ ಸರ್, ನಾನೂ ಬರುತ್ತೇನೆ. ಇಲ್ಲೇ ಬೆರೆಸಿದರೆ ಗುಬ್ಬಿಗೂಡು ಅವರಿಗೆ ಯಾರು ಯಾರ ಮಗ ಅನ್ನುವುದೇ ಮರೆತುಹೋಗುತ್ತೆ.